ಲೋಕಾರೋಗ್ಯವೂ ದ್ರವ್ಯಸಹಾಯವೂ

ಕೆರೆಯ ಏರಿ ಭದ್ರವಾಗಿರುವವರೆಗೆ ಅದನ್ನು ಕಾಯುವ ನೀರುಗಂಟಿಯ ಕೆಲಸವು ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷವರ್ಷವೂ ಬಿರುಕು ಮುಚ್ಚುವುದಕ್ಕೆ, ಬಿಲ ತುಂಬುವುದಕ್ಕೆ, ತೂಬನ್ನು ಸರಿಪಡಿಸುವುದಕ್ಕೆ ತಗಲುವ ವೆಚ್ಚವು ಸುಭಿಕ್ಷಕಾಲದಲ್ಲಿ ವ್ಯರ್ಥವೆಂದೇ ತೋರುತ್ತದೆ. ಸಾರ್ವಜನಿಕ ಆರೋಗ್ಯದ ಕಾರ್ಯವೂ ಇಂಥದೇ. ಬಂದ ರೋಗವನ್ನು ಗುಣಪಡಿಸಿದ ವೈದ್ಯನನ್ನು ರೋಗಿಯು ಜೀವವಿರುವವರೆಗೂ ಸ್ಮರಿಸುತ್ತಾನೆ. ಬರಬಹುದಾಗಿದ್ದ ರೋಗವನ್ನು ಬಾರದಂತೆ ತಡೆದವರನ್ನು ಸ್ಮರಿಸುವವರು ವಿರಳ. ಆದುದರಿಂದಲೇ ಬೊಕ್ಕಸಕ್ಕೆ ಬಿಕ್ಕಟ್ಟು ಒದಗಿದಾಗ ಮೊದಲು ಕಡಿತಕ್ಕೆ ಗುರಿಯಾಗುವುದು ರೋಗನಿವಾರಣೆಯ ಹಾಗೂ ವೈದ್ಯಕೀಯ ಸಂಶೋಧನೆಯ ಹಣ. ಈ ಕಡಿತದ ಫಲವೇನು, ಅದು ಯಾವ ಕ್ರಮದಿಂದ ಜನರ ಮೇಲೆ ಬಂದೆರಗುತ್ತದೆ ಎಂಬುದಕ್ಕೆ ಮಲೇರಿಯಾ ರೋಗದ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ.

ದಿನ ಬಿಟ್ಟು ದಿನ ಬರುವ ಚಳಿಜ್ವರವನ್ನು ತೃತೀಯಕವೆಂದೂ, ಎರಡು ದಿನ ಬಿಟ್ಟು ಬರುವುದನ್ನು ಚತುರ್ಥಕವೆಂದೂ ನಮ್ಮ ಆಯುರ್ವೇದಾಚಾರ್ಯರು ಗುರುತಿಸಿ, ಇವನ್ನು ವಿಷಮಜ್ವರಗಳಲ್ಲಿ ಎಣಿಸಿದ್ದರು. ಲಕ್ಷಣವು ತಿಳಿದಿದ್ದರೂ ಅದು ಹರಡುವ ಬಗೆ ಬಹುಕಾಲ ತಿಳಿದಿರಲಿಲ್ಲ. ಕ್ರಿ. ಶ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸರ್ಕಾರಿ ವೈದ್ಯನಾಗಿದ್ದ ರೊನಾಲ್ಡ್ ರಾಸ್ ಎಂಬಾತನು ಸೊಳ್ಳೆಯ ಜಠರದಲ್ಲಿ ಈ ರೋಗದ ಜೀವಾಣುವನ್ನು ಕಂಡನು. ಕಂಡ ಕೆಲವೇ ವಾರಗಳಲ್ಲಿ ಆತನನ್ನು ರಾಜಪುತಾನದ ದೂರದ ಠಾಣೆಯೊಂದಕ್ಕೆ ವರ್ಗ ಮಾಡಲಾಯಿತು. ಸಂಶೋಧನೆ ತಿಂಗಳುಗಟ್ಟಲೆ ನಿಂತುಹೋಯಿತು. ಮರುವರ್ಷ ಕಲಕತ್ತೆಯಲ್ಲಿ ಅನುಕೂಲ ದೊರೆತ ಮೇಲೆಯೇ ಆತನು ತನ್ನ ಸಿದ್ಧಾಂತವನ್ನು ಪೂರ್ಣವಾಗಿ ಸ್ಥಾಪಿಸಿದ್ದು. ಜ್ಞಾನಾರ್ಜನೆಗೆ ಬುದ್ಧಿಯಷ್ಟೇ ಆಶ್ರಯವೂ ಅವಶ್ಯಕವೆಂಬುದಕ್ಕೆ ಇದೊಂದು ಆದಿಮ ಉದಾಹರಣೆ.

ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾದಿಂದ ನರಳುತ್ತಿದ್ದರೆಂದೂ, ಸುಮಾರು 8 ಲಕ್ಷ ಜನ ಮೃತರಾಗುತ್ತಿದ್ದರೆಂದೂ ಅಂದಾಜು. ನಮ್ಮ ಮಲೆನಾಡಿನಲ್ಲಿ ಈ ಜ್ವರದ ದೆಸೆಯಿಂದ ಮನೆಗಳು ಬಾಗಿಲು ಮುಚ್ಚಿ, ಗದ್ದೆಗಳು ಬೀಳುಬಿದ್ದುದನ್ನು ಹಿರಿಯರು ಬಲ್ಲರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಯಿತು. ಅದರ ತತ್ತ್ವ ಸರಳವಾದುದು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತದೆ. ಆ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದರೆ ಅದು ಸಾಯುತ್ತದೆ. ಹೀಗೆ ಕೆಲವು ವರ್ಷಗಳ ಕಾಲ ರೋಗವು ಒಬ್ಬರಿಂದ ಒಬ್ಬರಿಗೆ ದಾಟದಂತೆ ತಡೆದರೆ, ಮನುಷ್ಯರ ದೇಹದಲ್ಲಿ ಉಳಿದ ಜೀವಾಣುಗಳೂ ಕ್ರಮೇಣ ನಶಿಸುತ್ತವೆ. ಅನಂತರ ಆರೋಗ್ಯ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೂ ಹೋಗಿ, ಜ್ವರ ಬಂದವರ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದು ಪರೀಕ್ಷೆಗೆ ಕಳುಹಿಸಿ, ಅಳಿದುಳಿದ ರೋಗವನ್ನು ಹುಡುಕಿ ತೆಗೆಯತಕ್ಕದ್ದು. ಈ ಉಪಾಯವು ಅದ್ಭುತವಾಗಿ ಫಲಿಸಿತು. 1960ರ ದಶಕದ ಆದಿಯಲ್ಲಿ ದೇಶದ ಒಟ್ಟು ರೋಗಿಗಳ ಸಂಖ್ಯೆಯು ಒಂದು ಲಕ್ಷಕ್ಕಿಂತಲೂ ಕೆಳಗಿಳಿಯಿತು.

ವಿಜಯದ ಬೆನ್ನಲ್ಲಿಯೇ ವಿಸ್ಮೃತಿ ಬಂದಿತು. ರೋಗಿಗಳೇ ಇಲ್ಲದ ರೋಗಕ್ಕೆ ಇಷ್ಟು ಹಣವೇಕೆಂಬ ಪ್ರಶ್ನೆ ಹುಟ್ಟಿತು. ವಿದೇಶಗಳ ನೆರವು ತಗ್ಗಿತು; ಡಿ.ಡಿ.ಟಿ. ಸಕಾಲಕ್ಕೆ ಬರಲಿಲ್ಲ, 1973ರ ಬಳಿಕ ತೈಲದ ಬೆಲೆ ಏರಿದುದರಿಂದ ಕೀಟನಾಶಕಗಳೂ ತುಟ್ಟಿಯಾದವು. ತೆಗೆದ ರಕ್ತಲೇಪನಗಳು ಪರೀಕ್ಷೆಯಾಗದೆ ಪ್ರಯೋಗಾಲಯಗಳಲ್ಲಿ ರಾಶಿಬಿದ್ದವು. ಪರೀಕ್ಷೆಯ ಫಲ ತಲಪುವಷ್ಟರಲ್ಲಿ ರೋಗಿಯಿಂದ ನೆರೆಹೊರೆಗೆ ಜ್ವರ ಹರಡಿರುತ್ತಿತ್ತು. ಕೊರತೆಯೊಂದೇ ಕಾರಣವೆಂದರೆ ಅದು ಅರ್ಧಸತ್ಯವಾದೀತು, ಸೊಳ್ಳೆಗಳು ಡಿ.ಡಿ.ಟಿ.ಯನ್ನು ತಾಳಿಕೊಳ್ಳತೊಡಗಿದ್ದವು, ನಗರಗಳ ಮಲೇರಿಯಾವನ್ನು ಅಲಕ್ಷಿಸಲಾಗಿತ್ತು, 1973ರಲ್ಲಿ ಅಸ್ಸಾಮಿನಲ್ಲಿ ಕ್ಲೋರೋಕ್ವಿನ್ ಔಷಧಕ್ಕೆ ಬಗ್ಗದ ಜೀವಾಣುವೂ ಕಾಣಿಸಿಕೊಂಡಿತ್ತು. ಆದರೆ ಇಂಥ ಹೊಸ ವಿಘ್ನಗಳನ್ನು ಮೊದಲೇ ಕಂಡುಹಿಡಿದು ಪರಿಹಾರ ಹುಡುಕಬೇಕಾದುದು ಸಂಶೋಧನೆಯ ಕೆಲಸ. ಮಲೇರಿಯಾ ತೀರಿಹೋಯಿತೆಂಬ ಭ್ರಮೆಯಿಂದ ಆ ಸಂಶೋಧನೆಯೇ ಸೊರಗಿತ್ತು. 1976ರಲ್ಲಿ ದೇಶದಲ್ಲಿ ದಾಖಲಾದ ರೋಗಿಗಳು 64 ಲಕ್ಷಕ್ಕೂ ಹೆಚ್ಚು. 1977ರಲ್ಲಿ ಪರಿಷ್ಕೃತ ಯೋಜನೆಯೊಂದನ್ನು ಹೂಡಬೇಕಾಯಿತು. ಅದೇ ವರ್ಷ ಮಲೇರಿಯಾ ಸಂಶೋಧನ ಕೇಂದ್ರವನ್ನೂ ಸ್ಥಾಪಿಸಬೇಕಾಯಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ಸಾರ್ಥಕವಾಯಿತು.

ನೆರೆಯ ಸಿಂಹಳದ್ವೀಪದ ಕಥೆ ಇನ್ನೂ ಮನಕಲಕುವಂಥದು. ಅಲ್ಲಿ 1963ರಲ್ಲಿ ಕಂಡುಬಂದ ಮಲೇರಿಯಾ ರೋಗಿಗಳು ಕೇವಲ 17 ಮಂದಿ. ಸಿಂಪಡಣೆಯನ್ನು ನಿಲ್ಲಿಸಲಾಯಿತು, ನಿಗಾ ಸಡಿಲವಾಯಿತು. 1969ರ ಒಂದೇ ವರ್ಷದಲ್ಲಿ ರೋಗಿಗಳು 5 ಲಕ್ಷವನ್ನು ಮೀರಿದರು. ಬಹುಕಾಲ ರೋಗಕ್ಕೆ ಸಿಲುಕದ ಜನರಲ್ಲಿ ಅದನ್ನು ಎದುರಿಸುವ ದೇಹಶಕ್ತಿಯೂ ಕುಂದಿರುತ್ತದೆಯಾದ್ದರಿಂದ, ಮರಳಿ ಬಂದ ರೋಗವು ಮೊದಲಿಗಿಂತ ಉಗ್ರವಾಗಿ ಬಾಧಿಸುತ್ತದೆ. ಆ ದೇಶವು ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆದದ್ದು 2016ರಲ್ಲಿ. ಹದಿನೇಳು ರೋಗಿಗಳ ಸ್ಥಿತಿಯಿಂದ ಆ ಮಾನ್ಯತೆಗೆ ತಲಪಲು ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಹಿಡಿಯಿತು. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 1930ರ ದಶಕದಿಂದೀಚೆಗೆ 61 ದೇಶಗಳಲ್ಲಿ ಮಲೇರಿಯಾ ಮರುಕಳಿಸಿದ 75 ಸಂದರ್ಭಗಳನ್ನು ಪರಿಶೀಲಿಸಿತು. ಅವುಗಳಲ್ಲಿ 68 ಸಂದರ್ಭಗಳಲ್ಲಿ ನಿಯಂತ್ರಣ ಕಾರ್ಯ ದುರ್ಬಲವಾದುದೇ ಒಂದು ಕಾರಣವಾಗಿತ್ತು. ಆ ದೌರ್ಬಲ್ಯಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿದ ಹೇತು ಸಂಪನ್ಮೂಲದ ಅಭಾವ.

ಇದು ಬಡ ದೇಶಗಳ ಪಾಡು ಮಾತ್ರವೆಂದು ಭಾವಿಸಲಾಗದು. ಸಂಪತ್ತಿನಲ್ಲಿ ಅಗ್ರಗಣ್ಯವಾದ ನ್ಯೂಯಾರ್ಕ್ ನಗರದಲ್ಲಿ 1978ರಲ್ಲಿ ಕ್ಷಯರೋಗಿಗಳು 1,307 ಮಂದಿ ಇದ್ದರು. ಕ್ಷಯ ನಿಯಂತ್ರಣದ ವೆಚ್ಚವನ್ನು ಕುಗ್ಗಿಸಿ, ಚಿಕಿತ್ಸಾಲಯಗಳನ್ನು ಮುಚ್ಚಲಾಯಿತು. ಅಷ್ಟರಲ್ಲಿ ಏಡ್ಸ್ ರೋಗವೂ ವಸತಿಹೀನತೆಯೂ ಸೇರಿಕೊಂಡವು. 1992ರಲ್ಲಿ ಕ್ಷಯರೋಗಿಗಳ ಸಂಖ್ಯೆ 3,811ಕ್ಕೆ ಏರಿತು. ಅವರಲ್ಲಿ ಅನೇಕರಿಗೆ ಸಾಮಾನ್ಯ ಔಷಧಗಳು ನಾಟದಾದವು. ಅದನ್ನು ಮತ್ತೆ ಹತೋಟಿಗೆ ತರುವುದಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾಯಿತೆಂದು ಅಂದಾಜು. ಉಳಿಸಿದ್ದು ಹಿಡಿಯಷ್ಟು, ಕಳೆದದ್ದು ಕಣಜದಷ್ಟು.

ಇದಕ್ಕೆ ಪ್ರತಿಯಾಗಿ, ಸಂಶೋಧನೆಗೆ ವಿನಿಯೋಗಿಸಿದ ದ್ರವ್ಯವು ಹೇಗೆ ವೆಚ್ಚವನ್ನೇ ತಗ್ಗಿಸುತ್ತದೆಂಬುದನ್ನೂ ನೋಡಬೇಕು. ಕ್ಷಯರೋಗಿಯು ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿಯೇ ಇರಬೇಕೆಂಬುದು ಹಿಂದಿನ ನಂಬಿಕೆ. ದೇಶದ ಎಲ್ಲ ರೋಗಿಗಳಿಗೂ ಹಾಸಿಗೆ ಒದಗಿಸುವುದು ಅಸಾಧ್ಯವಾಗಿತ್ತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕೇಂದ್ರವು ಮನೆಯಲ್ಲಿದ್ದು ಔಷಧ ಸೇವಿಸಿದವರನ್ನೂ ಆರೋಗ್ಯಧಾಮದಲ್ಲಿ ಇದ್ದವರನ್ನೂ ಹೋಲಿಸಿ, ಇಬ್ಬರೂ ಸರಿಸುಮಾರಾಗಿ ಒಂದೇ ಪ್ರಮಾಣದಲ್ಲಿ ಗುಣಹೊಂದುವರೆಂದು 1959ರಲ್ಲಿ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಗಿ, ಹಳ್ಳಿಯ ಬಡವನಿಗೂ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಪರೀಕ್ಷೆ ಮತ್ತು ಔಷಧ ದೊರೆಯುವಂಥ ಕ್ರಮವನ್ನು ರೂಪಿಸಿತು. ಒಂದು ಸಂಶೋಧನೆ ಅಸಂಖ್ಯಾತ ಹಾಸಿಗೆಗಳ ವೆಚ್ಚವನ್ನು ಉಳಿಸಿತು; ಅದಕ್ಕಿಂತ ಹೆಚ್ಚಾಗಿ ಸಂಸಾರವನ್ನು ಬಿಟ್ಟು ಬರಲಾರದ ದುಡಿಯುವ ಜನಕ್ಕೆ ಬದುಕನ್ನು ಕೊಟ್ಟಿತು.

ಸಂಶೋಧನೆಯ ಸ್ವಭಾವವೇ ನಿರಂತರತೆ. ರಸ್ತೆಯ ಕಾಮಗಾರಿಯನ್ನು ಒಂದು ವರ್ಷ ನಿಲ್ಲಿಸಿ ಮರುವರ್ಷ ಮುಂದುವರಿಸಬಹುದು. ಹತ್ತು ವರ್ಷ ಒಂದೇ ಜನಸಮೂಹವನ್ನು ಅನುಸರಿಸುವ ಪರಿಶೀಲನೆಯು ಆರನೆಯ ವರ್ಷ ನಿಂತರೆ ಹಿಂದಿನ ಐದು ವರ್ಷಗಳ ಶ್ರಮವೂ ಬಹುಮಟ್ಟಿಗೆ ನಿಷ್ಫಲವಾಗುತ್ತದೆ. ತರಬೇತಾದ ತರುಣರು ಬೇರೆ ಉದ್ಯೋಗಕ್ಕೆ ಹೋದರೆ ಮರಳುವುದಿಲ್ಲ. ಕ್ಯಾಟಲಿನ್ ಕರಿಕೊ ಎಂಬ ಹಂಗೇರಿ ಮೂಲದ ವಿದುಷಿಯು ಅಮೆರಿಕದಲ್ಲಿ ಆರ್.ಎನ್.ಎ. ಕುರಿತು ಶ್ರಮಿಸುತ್ತಿದ್ದಾಗ ಪದೇ ಪದೇ ಅನುದಾನ ದೊರೆಯದೆ, 1995ರಲ್ಲಿ ಹುದ್ದೆಯಲ್ಲಿಯೂ ಕೆಳಗಿಳಿಯಬೇಕಾಯಿತು. ಆಕೆ ಛಲ ಬಿಡಲಿಲ್ಲ. ಆ ವಿದ್ಯೆಯೇ ಕೊರೋನಾ ಲಸಿಕೆಗೆ ಬುನಾದಿಯಾಗಿ, 2023ರಲ್ಲಿ ಆಕೆಗೆ ನೊಬೆಲ್ ಪುರಸ್ಕಾರ ಸಂದಿತು. ಛಲವಿದ್ದೂ ಜೀವನೋಪಾಯಕ್ಕಾಗಿ ವಿದ್ಯೆಯನ್ನು ತೊರೆದವರ ಲೆಕ್ಕವನ್ನು ಇಟ್ಟವರಾರು?

2025ರಲ್ಲಿ ಈ ಪ್ರಶ್ನೆಯು ಜಗತ್ತಿನ ಮುಂದೆ ಮತ್ತೊಮ್ಮೆ ಬಂದು ನಿಂತಿತು. ವೈದ್ಯಕೀಯ ಸಂಶೋಧನೆಗೆ ಸಾರ್ವಜನಿಕ ದ್ರವ್ಯ ಒದಗಿಸುವುದರಲ್ಲಿ ಅತಿ ದೊಡ್ಡದಾದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಾವಿರಕ್ಕೂ ಮಿಕ್ಕ ಅನುದಾನಗಳು ನಡುವೆಯೇ ರದ್ದಾದವು. ಅವುಗಳಲ್ಲಿ ಹಲವು ನ್ಯಾಯಾಲಯದ ಆಜ್ಞೆಯಿಂದ ಮರಳಿದವು. ಬಡ ದೇಶಗಳಿಗೆ ಔಷಧ, ಸೊಳ್ಳೆಪರದೆಗಳನ್ನು ಒದಗಿಸುತ್ತಿದ್ದ ಆ ದೇಶದ ವಿದೇಶನೆರವಿನ ಸಂಸ್ಥೆಯು ಅದೇ ವರ್ಷದ ಜುಲೈ 1ಕ್ಕೆ ಮುಕ್ತಾಯಗೊಂಡಿತು. 2023ರಲ್ಲಿಯೇ ಮಲೇರಿಯಾ ನಿವಾರಣೆಗೆ ಜಗತ್ತಿನಲ್ಲಿ ಬೇಕಾಗಿದ್ದ 830 ಕೋಟಿ ಡಾಲರಿಗೆ ಪ್ರತಿಯಾಗಿ ದೊರೆತದ್ದು ಸುಮಾರು 400 ಕೋಟಿ ಮಾತ್ರ; ಆ ವರ್ಷ ಮಡಿದವರು ಸುಮಾರು 5 ಲಕ್ಷ 97 ಸಾವಿರ, ಅವರಲ್ಲಿ ಬಹುಪಾಲು ಆಫ್ರಿಕದ ಹಸುಳೆಗಳು. ಸಿಂಹಳದ 17ರ ಪಾಠವನ್ನು ಬಲ್ಲವರಿಗೆ ಈ ಅಂಕಿಗಳು ಆತಂಕ ತರದಿರವು.

ವ್ಯಾಪಾರದ ಮಾರ್ಗದಿಂದಲೇ ಎಲ್ಲ ಔಷಧಗಳೂ ದೊರೆಯುವುವೆಂಬ ವಾದವಿದೆ. ಅದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಉಣ್ಣೆಯ ಕಡಿತದಿಂದ ಜನರಿಗೂ ಜ್ವರ ಬಂದಾಗ, ಅದರ ವೈರಾಣುವನ್ನು ಪತ್ತೆಮಾಡಿದವರು ಪುಣೆಯ ವೈರಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು. ಆ ಕೇಂದ್ರವು 1952ರಿಂದಲೇ ಸಿದ್ಧವಾಗಿದ್ದುದರಿಂದ ಇದು ಸಾಧ್ಯವಾಯಿತು. ಈ ಮಂಗನ ಕಾಯಿಲೆಗೆ ಬಲಿಯಾಗುವವರು ಸೊಪ್ಪು ಸೌದೆಗೆ ಕಾಡಿಗೆ ಹೋಗುವ ಬಡವರು. ಅವರಿಗಾಗಿ ಲಸಿಕೆ ಮಾಡಿ ಲಾಭ ಗಳಿಸುವ ವರ್ತಕನಿಲ್ಲ. ಹಳೆಯ ಲಸಿಕೆಯ ಸತ್ತ್ವ ಕುಂದಿ 2022ರಲ್ಲಿ ಅದನ್ನು ಕೈಬಿಟ್ಟ ಮೇಲೆ, ಹೊಸದರ ಹೊಣೆ ಸಾರ್ವಜನಿಕ ಸಂಸ್ಥೆಗಳ ಮೇಲೆಯೇ ಬಿದ್ದಿದೆ.

ಸರ್ಕಾರದ ಹಣಕ್ಕೆ ಮಿತಿಯುಂಟು, ಲೆಕ್ಕವನ್ನು ಕೇಳಬೇಕಾದುದೂ ನ್ಯಾಯವೇ. ದುಂದುವೆಚ್ಚವನ್ನು ತಡೆಯುವುದು ಬೇರೆ, ಏರಿಯ ಕಾವಲನ್ನೇ ತೆಗೆಯುವುದು ಬೇರೆ. ಈ ವಿವೇಕವನ್ನು ದಾನಿಗಳು ಬಲ್ಲರು: ಹೊಸ ಕಟ್ಟಡಕ್ಕೆ ಹೆಸರು ಕೆತ್ತಿಸುವ ದಾನದಷ್ಟೇ, ಅದರ ಸೂರು ಸೋರದಂತೆ ವರ್ಷವರ್ಷ ನೋಡಿಕೊಳ್ಳುವ ದಾನವೂ ಶ್ರೇಷ್ಠ. ಉಪಾಧ್ಯಾಯರು ಮಲೇರಿಯಾದ ಪಾಠವನ್ನು ಹೇಳುವಾಗ ಸೊಳ್ಳೆಯ ಚಿತ್ರದೊಡನೆ 17ರ ಮತ್ತು 5 ಲಕ್ಷದ ಲೆಕ್ಕವನ್ನೂ ಹಲಗೆಯ ಮೇಲೆ ಬರೆದರೆ ಒಳಿತು. ಆ ತರಗತಿಯಲ್ಲಿ ಕುಳಿತ ಬಾಲಕರಲ್ಲಿ ಒಬ್ಬನು ಮುಂದೆ ಆಯವ್ಯಯ ಪತ್ರಕ್ಕೆ ರುಜು ಹಾಕುವ ಸ್ಥಾನದಲ್ಲಿ ಇರಬಹುದು. ರೋಗಿಗಳಿಲ್ಲದ ರೋಗಕ್ಕೆ ಹಣವೇಕೆಂದು ಆಗ ಯಾರಾದರೂ ಕೇಳಿದರೆ, ಹಣವಿದ್ದುದರಿಂದಲೇ ರೋಗಿಗಳಿಲ್ಲವೆಂದು ಉತ್ತರಿಸುವಷ್ಟು ಅರಿವು ಆತನಿಗಿದ್ದರೆ, ಕಲಿಸಿದ ಗುರುವಿನ ಶ್ರಮ ಸಾರ್ಥಕ.