ದೊಡ್ಡವರ ಚಪ್ಪಟೆ ಪಾದ: ಶಸ್ತ್ರಚಿಕಿತ್ಸೆ ಯಾರಿಗೆ, ಯಾವಾಗ?

ಒದ್ದೆ ಕಾಲಲ್ಲಿ ನಡೆದಾಗ ಕೆಲವರ ಅಂಗಾಲು ನೆಲದ ಮೇಲೆ ಪೂರ್ತಿಯಾಗಿ ಮೂಡುತ್ತದೆ, ಒಳಬದಿಯ ಬಾಗು ಕಾಣುವುದಿಲ್ಲ. ಇದೇ ಚಪ್ಪಟೆ ಪಾದ. ಚಿಕ್ಕಂದಿನಿಂದ ಹೀಗಿದ್ದೂ ನೋವಿಲ್ಲದೆ ಓಡಾಡುವವರು ಬಹಳ ಮಂದಿ. ಅವರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ.

ನಲವತ್ತು ದಾಟಿದ ಮೇಲೆ ಬಾಗು ಕುಸಿಯತೊಡಗಿದರೆ ವಿಷಯವೇ ಬೇರೆ. ಪಾದದ ಗಂಟಿನ ಒಳಬದಿಯಲ್ಲಿ ಇಳಿದು ಬರುವ ಟೆಂಡನ್ ಎಂಬ ಗಟ್ಟಿ ಹುರಿ ಅಂಗಾಲಿನ ಬಾಗನ್ನು ಎತ್ತಿ ಹಿಡಿದಿರುತ್ತದೆ. ಅದು ಸವೆದು ಸಡಿಲವಾದರೆ ಅಲ್ಲಿ ನೋವು, ಊತ. ಹಿಮ್ಮಡಿ ಹೊರಕ್ಕೆ ವಾಲುತ್ತದೆ. ಹೆಂಗಸರಲ್ಲಿ, ತೂಕ ಹೆಚ್ಚಿದವರಲ್ಲಿ, ಸಕ್ಕರೆ ಕಾಯಿಲೆ, ಬಿಪಿ ಇರುವವರಲ್ಲಿ ಇದು ಹೆಚ್ಚು. ದಿನವಿಡೀ ಅಂಗಡಿಯಲ್ಲಿ ನಿಲ್ಲುವವರು ಇದನ್ನು ಬರೀ ಸುಸ್ತು ಎಂದು ತಳ್ಳಿಹಾಕುವುದೇ ಹೆಚ್ಚು.

ಮನೆಯಲ್ಲೇ ನೋಡಿಕೊಳ್ಳಬಹುದು. ಗೋಡೆ ಹಿಡಿದು ಒಂದೇ ಕಾಲಿನ ತುದಿಯ ಮೇಲೆ ನಿಲ್ಲಲು ಆಗದಿದ್ದರೆ, ಹಿಂದಿನಿಂದ ನೋಡಿದವರಿಗೆ ಆ ಕಾಲಿನ ಬೆರಳುಗಳು ಹೊರಬದಿಯಲ್ಲಿ ಹೆಚ್ಚು ಕಂಡರೆ, ಮೂಳೆ ವೈದ್ಯರಿಗೆ ತೋರಿಸಬೇಕು. ಕುಳಿತಾಗ ಬಾಗು ಮರಳಿ ಬಂದರೆ ಪಾದ ಇನ್ನೂ ಮೆತುವಾಗಿದೆ ಎಂದರ್ಥ. ಎಲ್ಲವೂ ನಿಂತಿರುವುದು ಈ ಮೆತುತನದ ಮೇಲೆಯೇ. ಅದು ಇರುವಾಗ ಕೀಲುಗಳನ್ನು ಉಳಿಸಿಕೊಂಡು ಪಾದ ಸರಿಪಡಿಸಬಹುದು. ಬಿಗಿದುಹೋದ ಮೇಲೆ ಸಾಮಾನ್ಯವಾಗಿ ಉಳಿಯುವ ದಾರಿ ಕೀಲುಗಳನ್ನೇ ಬೆಸೆಯುವುದು.

ಮೊದಲು ಶೂ ಒಳಗಿಡುವ ಆಧಾರದ ಇನ್‌ಸೋಲ್, ಪಟ್ಟಿ, ಫಿಸಿಯೋಥೆರಪಿ, ತೂಕ ಇಳಿಸುವುದು. ಕೆಲವು ತಿಂಗಳು ಶ್ರದ್ಧೆಯಿಂದ ಮಾಡಿದರೆ ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಆಗಲೂ ನೋವು ಬಿಡದಿದ್ದರೆ ಶಸ್ತ್ರಚಿಕಿತ್ಸೆಯ ಮಾತು.

ಅದರಲ್ಲಿ ಹಿಮ್ಮಡಿಯ ಮೂಳೆ ಕತ್ತರಿಸಿ ಸುಮಾರು 1 ಸೆಂ.ಮೀ. ಒಳಕ್ಕೆ ಸರಿಸಿ ಸ್ಕ್ರೂ ಹಾಕುತ್ತಾರೆ. ಕಿರುಬೆರಳುಗಳನ್ನು ಮಡಿಸುವ ಟೆಂಡನ್ ಒಂದನ್ನು ತಿರುಗಿಸಿ, ಸವೆದದ್ದರ ಕೆಲಸಕ್ಕೆ ಹಚ್ಚುತ್ತಾರೆ. ಬೆರಳಿನ ಬಲ ಸ್ವಲ್ಪ ತಗ್ಗಿದರೂ ನಡಿಗೆಗೆ ತೊಂದರೆ ಕಡಿಮೆ. ಕೆಲವರಿಗೆ ಪಾದದ ಹೊರಬದಿಯ ಮೂಳೆ ಉದ್ದ ಮಾಡಲು ಮೂಳೆಯ ಚೂರು ಸೇರಿಸಬೇಕಾಗುತ್ತದೆ, ಬಿಗಿದ ಮೀನಖಂಡವನ್ನೂ ಸಡಿಲಿಸುತ್ತಾರೆ.

ಪ್ರಾಣಿಮೂಲದ ವಸ್ತು ಬೇಡವೆನ್ನುವವರು ಇಲ್ಲಿ ಮೊದಲೇ ಕೇಳಬೇಕು. ಮೂಳೆಯ ಚೂರನ್ನು ಸ್ವಂತ ಸೊಂಟದಿಂದಲೂ ತೆಗೆಯಬಹುದು. ಹೊಲಿಗೆಗೆ ಕೃತಕ ದಾರವಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ; ಬದಲಿಗೆ ಮಾತ್ರೆಗಳಿವೆಯಾದರೂ ಯಾರಿಗೆ ಯಾವುದು ಸರಿ ಎಂಬುದು ವೈದ್ಯರ ತೀರ್ಮಾನ. ಆಪರೇಷನ್ ಹಿಂದಿನ ರಾತ್ರಿ ಈ ಮಾತು ಎತ್ತಿದರೆ ಇಬ್ಬರಿಗೂ ಇಕ್ಕಟ್ಟು.

ನಂತರ ಸುಮಾರು 6 ವಾರ ಆ ಕಾಲು ನೆಲಕ್ಕೆ ಊರುವಂತಿಲ್ಲ. ಆಮೇಲೆ ಬೂಟು, ವ್ಯಾಯಾಮ. ಪೂರ್ತಿ ಚೇತರಿಕೆಗೆ ಒಂದು ವರ್ಷವೂ ಹಿಡಿಯಬಹುದು. ಸೋಂಕು, ಜೋಮು, ಮೂಳೆ ಕೂಡದಿರುವುದು ಇದರ ಅಪಾಯಗಳು. ಸಿಗರೇಟು ಸೇದುವವರಿಗೆ, ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಇವು ಹೆಚ್ಚು. ಮಹಡಿ ಮನೆಯವರು ಕೆಳಗೆ ಮಲಗುವ ವ್ಯವಸ್ಥೆಯನ್ನು ಮುಂಚೆಯೇ ಮಾಡಿಕೊಳ್ಳಬೇಕು. ಎರಡೂ ಪಾದ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದು ಗಟ್ಟಿಯಾದ ಮೇಲೆಯೇ ಇನ್ನೊಂದು.