ಕೂಗಿದ ಹಿಟ್ಟಿನ ಕೋಳಿ: ಕಥನಕಾವ್ಯದ ಪಾಠ, ಕೆಲವು ತಪ್ಪು ಕಲ್ಪನೆಗಳು

ಜನ್ನನ 'ಯಶೋಧರ ಚರಿತೆ' 1209ರ ಕಾವ್ಯ. ನಾಲ್ಕು ಅವತಾರಗಳಲ್ಲಿ, ಬಹುಪಾಲು ಕಂದಪದ್ಯಗಳಲ್ಲೇ, ಒಂದು ಕಥೆಯನ್ನು ಕಾದಂಬರಿಯ ಓಟದಲ್ಲಿ ಹೇಳುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳಿಗೆ ಇದನ್ನು ಓದಿಸುವುದೆಂದರೆ ನನಗೆ ಬಲು ಇಷ್ಟ. ಆದರೆ ಅಧ್ಯಾಪಕರ ಕೋಣೆಯಲ್ಲಿ ಕೆಲವು ಮಾತು ಪದೇ ಪದೇ ಕೇಳುತ್ತೇನೆ.

'ಈ ಛಂದಸ್ಸು ಮಕ್ಕಳಿಗೆ ಅಪರಿಚಿತ.'
ಮಂದಾರ್ತಿ, ಮಾರಣಕಟ್ಟೆ ಮೇಳದ ಆಟ ನೋಡಿ ಬೆಳೆದವರ ಕಿವಿಗೆ ಕಂದ, ಭಾಮಿನಿ, ವಾರ್ಧಕ ಬಿದ್ದೇ ಇರುತ್ತವೆ. ಯಕ್ಷಗಾನ ಪ್ರಸಂಗವೂ ಪದ್ಯದಲ್ಲಿ ನಡೆಯುವ ಕಥೆಯೇ. ಕಂದದ ಗಿಡ್ಡ ಸಾಲಿಗೆ 12 ಮಾತ್ರೆ, ಉದ್ದ ಸಾಲಿಗೆ 20 ಎಂದು ಬೋರ್ಡಿನ ಮೇಲೆ ಬರೆಯುವ ಮೊದಲು ಎರಡು ಸಲ ಗಟ್ಟಿಯಾಗಿ ಓದಿ. ಲೆಕ್ಕ ಅವರಿಗೇ ಕೇಳಿಸುತ್ತದೆ. ಹಳಗನ್ನಡದ ಪದಗಳು ಕಷ್ಟ, ಅದು ನಿಜ. ಅದಕ್ಕೆ ಅರ್ಥಕೋಶವಿದೆ, ನಾವಿದ್ದೇವೆ.

'ಮೊದಲೇ ಸಾರಾಂಶ ಹೇಳಿದರೆ ಪದ್ಯ ಸುಲಭ.'
ಬಲಿಗೆಂದು ಹಿಡಿದು ತಂದ ಅಭಯರುಚಿ, ಅಭಯಮತಿ ಎಂಬ ಅಣ್ಣ ತಂಗಿ ಮಾರಿಗುಡಿಯಲ್ಲಿ ರಾಜ ಮಾರಿದತ್ತನೆದುರು ಅಂಜದೆ ನಿಲ್ಲುತ್ತಾರೆ. ಯಾಕೆ ಅಂಜಲಿಲ್ಲ ಎಂಬ ಪ್ರಶ್ನೆಯೇ ಕಾವ್ಯವನ್ನು ಎಳೆದೊಯ್ಯುತ್ತದೆ. ಉತ್ತರ ಅವರ ಹಿಂದಿನ ಜನ್ಮಗಳಲ್ಲಿದೆ. ಸಾರಾಂಶ ಹೇಳುವವರು ಹಿಂದಿನ ಜನ್ಮದ ರಾಜ ಯಶೋಧರನಿಂದ ಶುರುಮಾಡಿ, ಜನ್ನ ಜತನದಿಂದ ಬಚ್ಚಿಟ್ಟದ್ದನ್ನು ಮೊದಲ ಐದು ನಿಮಿಷದಲ್ಲೇ ಚೆಲ್ಲಿಬಿಡುತ್ತಾರೆ. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳಿದ ಮೇಲೆಯೇ ಅರ್ಥಧಾರಿ ಮಾತೆತ್ತುವುದು. ತರಗತಿಯಲ್ಲೂ ಪದ್ಯ ಮೊದಲು, ಅರ್ಥ ಆಮೇಲೆ.

'ಪದ್ಯದಲ್ಲಿ ಕಾದಂಬರಿ ಹಳೇ ಕಾಲದ್ದು.'
ವಿಕ್ರಮ್ ಸೇಠ್ 1986ರಲ್ಲಿ 'ದಿ ಗೋಲ್ಡನ್ ಗೇಟ್' ಕಾದಂಬರಿಯನ್ನು ಇಡಿಯಾಗಿ ಸಾನೆಟ್ಟುಗಳಲ್ಲೇ ಬರೆದರು.

'ಅಮೃತಮತಿಯ ಭಾಗ ಬಿಟ್ಟು ಪಾಠ ಮಾಡಬೇಕು.'
ಬಿಟ್ಟರೆ ಕಥೆಯೇ ಇಲ್ಲ. ಮಾವುತನ ಮುಖ ಕಾಣುವ ಮೊದಲೇ ಯಶೋಧರನ ರಾಣಿ ಅಮೃತಮತಿ ಅವನ ಹಾಡಿಗೆ ಸೋಲುತ್ತಾಳೆ. ಅವನು ಕುರೂಪಿ ಎಂದು ತಿಳಿದ ಮೇಲೂ ಮನಸ್ಸು ತಿರುಗುವುದಿಲ್ಲ. ಇದನ್ನು ಹದಿಹರೆಯದವರು ನಾವು ಅಂಜುವಷ್ಟು ಅಗ್ಗವಾಗಿ ಓದುವುದಿಲ್ಲ. ಗಿರೀಶ ಕಾರ್ನಾಡರು ಇದೇ ಕಥೆಯನ್ನು 'ಹಿಟ್ಟಿನ ಹುಂಜ' ನಾಟಕವಾಗಿಸಿದ್ದನ್ನೂ ಹೇಳಬಹುದು.

'ಅಹಿಂಸೆಯ ನೀತಿ ಹೇಳಿದರೆ ಪಾಠ ಮುಗಿಯಿತು.'
ರಾಣಿಯ ಗುಟ್ಟು ಕಂಡು ಕಂಗೆಟ್ಟ ಯಶೋಧರನಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ ಚಂದ್ರಮತಿ. ಒಲ್ಲೆ ಎನ್ನುವ ಅವನು ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಕೋಳಿ ಕೂಗುತ್ತದೆ. ದೈವಕ್ಕೆ ಕೋಳಿ ಹರಕೆ ಹೊರುವ ಮನೆಗಳಿಂದ, ಕೋಳಿ ಅಂಕ ನೋಡಿ ಬಂದ ಮಕ್ಕಳಿಗೆ ಇದು ಬರೀ ಪುಸ್ತಕದ ಮಾತಲ್ಲ. ಮನೆಯ ನಂಬಿಕೆಯನ್ನು ಹಳಿಯದೆ, ಅವರ ಮಾತಿಗೆ ಜಾಗ ಬಿಡಬೇಕು. ಒಮ್ಮೆ ಹುಡುಗನೊಬ್ಬ, "ಹಿಟ್ಟಿನ್ ಕೋಳಿಗೆ ಜೀವ ಇಲ್ಲ ಅಲ್ದಾ, ಮತ್ತೆ ಪಾಪ ಎಂತಕ್ಕೆ?" ಎಂದ. "ಕಡುಕೆ ಹೊರ್ಟದ್ದೇ ತಪ್ಪಲ್ದಾ?" ಎಂದಳು ಹಿಂದಿನ ಬೆಂಚಿನ ಹುಡುಗಿ. ಹಾಗಾದರೆ ಹೇಳಿ ಮಾಡಿಸಿದ ತಾಯಿಯ ಪಾಲೆಷ್ಟು? ನಾನು ತೀರ್ಪು ಕೊಡಲಿಲ್ಲ, ಮುಂದೆ ಓದಿಸಿದೆ. ತಾಯಿ ಮಗ ನವಿಲು, ನಾಯಿ ಎಂದು ಜನ್ಮ ಜನ್ಮ ಅಲೆದು, ಆ ಅಣ್ಣ ತಂಗಿಯಾಗಿ ಹುಟ್ಟುವ ಮುಂಚಿನ ಜನ್ಮದಲ್ಲಿ ಕೋಳಿಗಳಾಗುವ ಭಾಗ ಬಂತು. ಆ ಹುಡುಗಿ ಸದ್ದಿಲ್ಲದೆ ಪುಟಗಳನ್ನು ಹಿಂದಕ್ಕೆ ಮಗುಚಿ, ಹಿಟ್ಟಿನ ಕೋಳಿ ಕೂಗಿದ ಪದ್ಯವನ್ನು ಹುಡುಕುತ್ತಿದ್ದಳು.