ನೆತ್ತಿಯ ಗಂಟಿಗೆ ಕತ್ತಿ ತಾಗಿಸುವ ಮುನ್ನ

ಹೆಲ್ಮೆಟ್ ಹಾಕಿಕೊಂಡಾಗ ಒಂದೇ ಕಡೆ ಒತ್ತುತ್ತದೆ. ಇಲ್ಲವೇ ಕಟಿಂಗ್ ಮಾಡುವವನು ‘ಸಾರ್, ಇಲ್ಲೇನೋ ಗಂಟಿದೆ’ ಎನ್ನುತ್ತಾನೆ. ನೋವಿಲ್ಲ, ಗಟ್ಟಿಯಾಗಿದೆ, ವರ್ಷಗಟ್ಟಲೆ ಮೆಲ್ಲಗೆ ಬೆಳೆದಿದೆ. ಬೆಂಗಳೂರಿನ ಹಲಸೂರಿನಲ್ಲೋ ಕೆ.ಆರ್. ಪುರದಲ್ಲೋ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ‘ಕೊಬ್ಬಿನ ಗಡ್ಡೆ ಇರಬೇಕು, ತೆಗೆದುಬಿಡೋಣ’ ಎಂಬ ಮಾತು ಬಂದರೂ ಬಂದೀತು. ಹೆಚ್ಚಿನ ಸಲ ಅದು ನಿರುಪದ್ರವಿ ಗಂಟೇ. ಅಪರೂಪಕ್ಕೊಮ್ಮೆ ಮಾತ್ರ ಬುರುಡೆಯ ಮೂಳೆಯೊಳಗೇ ಹೆಣೆದುಕೊಂಡ ರಕ್ತನಾಳಗಳ ಗೋಜಲು. ಸ್ಕ್ಯಾನ್ ಮಾಡಿಸದೆ ಅದನ್ನು ಕೊಯ್ದರೆ ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತದೆ.

ಬುರುಡೆಯ ಎರಡು ಗಟ್ಟಿ ಪದರಗಳ ನಡುವೆ ಮಜ್ಜೆ ತುಂಬಿದ ಮೆದು ಪದರವಿದೆ. ಗೋಜಲು ಹುಟ್ಟುವುದು ಅಲ್ಲಿ. ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಟಾಯ್ನ್‌ಬೀ 1845ರಲ್ಲೇ ಮೂಳೆಯೊಳಗಿನ ಇಂಥ ಗಂಟುಗಳನ್ನು ವಿವರಿಸಿದ್ದ. ಮೂಳೆಯ ಗಡ್ಡೆಗಳಲ್ಲಿ ಇವು ನೂರಕ್ಕೆ ಒಂದೂ ಇಲ್ಲ. ನಡುವಯಸ್ಸಿನ ಹೆಂಗಸರಲ್ಲಿ, ಹಣೆಯ ಮೂಳೆ ಮತ್ತು ಪಕ್ಕದ ಮೂಳೆಗಳಲ್ಲಿ ಹೆಚ್ಚು. ಕ್ಯಾನ್ಸರ್ ಅಲ್ಲ. ಆದರೆ ಹಸುಗೂಸುಗಳ ರಕ್ತನಾಳದ ಗಂಟನ್ನು (ಹೆಮಾಂಜಿಯೋಮಾ) ಕರಗಿಸುವ ಪ್ರೊಪ್ರನಲಾಲ್ ಔಷಧಕ್ಕೆ ಇವು ಜಗ್ಗುವುದಿಲ್ಲ.

ಪರೀಕ್ಷೆ ಶುರುವಾಗುವುದು ಬೆರಳಿನಿಂದ. ಗಂಟನ್ನು ಒತ್ತಿ ನೋಡಿದ ವೈದ್ಯರು ಆಮೇಲೆ ರೋಗಿಗೆ ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳುತ್ತಾರೆ. ಆಗ ಉಬ್ಬಿ, ಎದ್ದು ನಿಂತೊಡನೆ ಇಳಿದುಹೋದರೆ ಅದು ಬೇರೆಯೇ ಕಾಯಿಲೆ: ಸೈನಸ್ ಪೆರಿಕ್ರೇನಿ. ಜರ್ಮನಿಯ ಶಸ್ತ್ರವೈದ್ಯ ಸ್ಟ್ರೊಮೆಯರ್ 1850ರಲ್ಲಿ ಇದಕ್ಕೆ ಹೆಸರಿಟ್ಟ. ತಲೆಯೊಳಗಿನ ದೊಡ್ಡ ಸಿರೆಗೂ ನೆತ್ತಿಯ ಚರ್ಮದಡಿಯ ಸಿರೆಗಳಿಗೂ ಮೂಳೆಯನ್ನು ಹಾದು ಸಂಪರ್ಕ ಬೆಳೆದಿರುತ್ತದೆ. ಮಗು ಅತ್ತಾಗ ಗಂಟು ದೊಡ್ಡದಾಗುತ್ತದೆ. ಮಿದುಳಿನ ರಕ್ತ ಮುಖ್ಯವಾಗಿ ಈ ದಾರಿಯಲ್ಲೇ ಹೊರಬರುತ್ತಿದೆ ಎಂದು ಆಂಜಿಯೊಗ್ರಾಂ ತೋರಿಸಿದರೆ, ಅದನ್ನು ಮುಚ್ಚುವುದು ಜೀವಕ್ಕೇ ಅಪಾಯ. ಮುಟ್ಟದೆ ಬಿಡುವುದೇ ಅಲ್ಲಿ ಸರಿಯಾದ ಚಿಕಿತ್ಸೆ.

ಗಂಟು ಹೀಗೆ ಉಬ್ಬಿ ಇಳಿಯದಿದ್ದರೆ ಸಿ.ಟಿ. ಸ್ಕ್ಯಾನ್. ಗೋಜಲಿದ್ದರೆ ಮೂಳೆ ಜೇನುಗೂಡಿನಂತೆ ಕಾಣುತ್ತದೆ. ಮಿದುಳಿನ ಹೊದಿಕೆಗೆ ತಗುಲಿದೆಯೇ ಎಂಬುದನ್ನು ಎಂಆರ್‌ಐ ಹೇಳುತ್ತದೆ. ಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾ, ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಕೂಡ ಕೆಲವೊಮ್ಮೆ ಇದೇ ವೇಷದಲ್ಲಿ ಬರುವುದರಿಂದ ಕೊನೆಯ ತೀರ್ಪು ಪೆಥಾಲಜಿಯದು.

ಶಸ್ತ್ರಚಿಕಿತ್ಸೆಯಲ್ಲಿ ಗೋಜಲಿಗೆ ಕೈಹಾಕುವುದಿಲ್ಲ. ಅದರ ಸುತ್ತಲಿನ ಒಳ್ಳೆಯ ಮೂಳೆಯಲ್ಲಿ ರಂಧ್ರ ಕೊರೆದು, ರಂಧ್ರದಿಂದ ರಂಧ್ರಕ್ಕೆ ಕತ್ತರಿಸುತ್ತ ಬಂದು, ಅಂಚಿನಲ್ಲಿ ಒಸರುವ ರಕ್ತಕ್ಕೆ ಮೂಳೆಯ ಮೇಣ ಒತ್ತಿ, ಇಡೀ ತುಂಡನ್ನು ಒಟ್ಟಿಗೆ ಎತ್ತುತ್ತಾರೆ. ಖಾಲಿ ಜಾಗಕ್ಕೆ ಟೈಟಾನಿಯಂ ಜಾಲರಿ ಅಥವಾ ಬೋನ್ ಸಿಮೆಂಟ್. ಗೋಜಲು ದೊಡ್ಡದಿದ್ದರೆ ಮುಂಚೆಯೇ ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ರಕ್ತ ಪೂರೈಸುವ ಕವಲುಗಳನ್ನು ಮುಚ್ಚುವುದುಂಟು. ಪೂರ್ತಿ ತೆಗೆದರೆ ಮರುಕಳಿಸುವುದು ಅಪರೂಪ.

ತೋರಿಸಲು ಎಲ್ಲಿಗೆ ಹೋಗುವುದು? ಬೆಂಗಳೂರಿನ ದಂಡು ಪ್ರದೇಶದ ಬಡವರಿಗೆ ಹತ್ತೊಂಬತ್ತನೆಯ ಶತಮಾನದಿಂದ ಮೊದಲ ಬಾಗಿಲು ಶಿವಾಜಿನಗರದ ಬೌರಿಂಗ್ ಆಸ್ಪತ್ರೆ. ಮಿದುಳು, ಬುರುಡೆಯ ಜಟಿಲ ಚಿಕಿತ್ಸೆಗೆ 1974ರಲ್ಲಿ ರೂಪುಗೊಂಡ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಹೋಗುವಾಗ ಹಳೆಯ ಎಕ್ಸ್‌ರೇ, ಸ್ಕ್ಯಾನ್ ಫಿಲ್ಮುಗಳನ್ನೂ ಒಯ್ಯಬೇಕು; ಗಂಟು ಎಷ್ಟು ಬೇಗ ಬೆಳೆಯುತ್ತಿದೆ ಎಂದು ವೈದ್ಯರು ಅಳೆಯುವುದು ಅವುಗಳನ್ನು ಹೋಲಿಸಿಯೇ.